ಬೆನ್ನು ತಿರುಗಿಸಿದ ಯೇಸು

ತೊಟ್ಟಿಯೊಳಗೆ ನಿಂತು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಎಜೆಲ್ ಮ್ಯಾಬ್ರಿ ಇಷ್ಟು ದಿನವೂ ನೋಡಿದ್ದು ತೊಟ್ಟಿಯೊಳಗೆ ನಿಂತೇ. ಪ್ರಸಂಗಪೀಠದ ಹಿಂದೆ, ಹಾಡುವವರ ಕುರ್ಚಿಗಳಿಗಿಂತ ಎತ್ತರದಲ್ಲಿ, ದೀಕ್ಷಾಸ್ನಾನಕ್ಕೆಂದು ಕಟ್ಟಿಸಿದ ತೊಟ್ಟಿ ಅದು. ಮುಂದೆ ಕೆಂಪು ಪರದೆ, ಹಿಂದೆ ಗೋಡೆ. ಆ ಗೋಡೆಯ ಮೇಲೆ ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ಹೊಳೆ ಬರೆದುಕೊಡು ಎಂದು ಪಿಸ್ಗಾ ಚರ್ಚಿನ ಸಭೆಯವರು ಅವನಿಗೆ ಒಪ್ಪಿಸಿದ್ದರು. ಪರದೆ ಎಳೆದುಕೊಂಡು, ನೀರಿಲ್ಲದ ತೊಟ್ಟಿಯಲ್ಲಿ ಮಡಚುವ ಏಣಿ ನಿಲ್ಲಿಸಿಕೊಂಡು, ತನ್ನ ಪಾಡಿಗೆ ತಾನು ಬರೆದಿದ್ದ. ಈಗ ಶನಿವಾರ ಬೆಳಿಗ್ಗೆ ಸಭೆಯ ಉಸ್ತುವಾರಿ ನೋಡುವ ಡೀಕನ್ ಬೆಟಿಸ್ ಬಂದು, ಹಗ್ಗ ಜಗ್ಗಿ ಪರದೆ ಸರಿಸಿ, ಕೆಳಗಿಳಿದು ಹೋಗಿ ಬೆಂಚೊಂದರ ಮೇಲೆ ಕೂತ. ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಎಜೆಲ್ ಬ್ರಷ್ಷನ್ನು ಚಿಂದಿಗೆ ಒರೆಸುತ್ತ, ಹೊಗಳಿದರೆ ಏನು ಹೇಳಬೇಕು, ಯಾವ ಕಡೆ ನೋಡಬೇಕು ಎಂದು ಯೋಚಿಸುತ್ತಿದ್ದ. ಅಂಥ ಯೋಚನೆ ಬಂತಲ್ಲ ಎಂದು ತನ್ನ ಮೇಲೆ ತಾನೇ ರೇಗಿಕೊಂಡ.

"ಎಜೆಲ್," ಎಂದ ಡೀಕನ್ ಕೊನೆಗೆ, "ಕರ್ತನಿಗೆ ನಮ್ಮ ಮೇಲೆ ಏನಾದ್ರೂ ಸಿಟ್ಟಾ?"

"ಯಾಕೆ?"

"ಬೆನ್ನು ತಿರುಗಿಸ್ಕೊಂಡು ನಿಂತವ್ನಲ್ಲಪ್ಪಾ. ಇಡೀ ಸಭೆಗೇ ಬೆನ್ನು. ಇಳಿದು ಬಾ, ಇಲ್ಲಿ ಕೂತು ನೋಡು."

ಎಜೆಲ್ ಇಳಿದು ಬಂದ. ಮೊಣಕಾಲು ನೋವಿನಿಂದ ಮೆಟ್ಟಿಲಿಗೊಮ್ಮೆ ನಿಲ್ಲುತ್ತ ಬಂದು, ಡೀಕನ್ನನ ಪಕ್ಕ ಕೂತು ತಲೆಯೆತ್ತಿದ. ಹೌದು. ತೊಟ್ಟಿಯಲ್ಲಿ ನಿಂತಾಗ ಅವನು ಯೇಸುವಿನ ಹಿಂದೆ ಇರುತ್ತಿದ್ದ. ಹೊಳೆಗಿಳಿಯುವವನ ಹಿಂದೆ ಇನ್ನೊಬ್ಬ ಇಳಿದ ಹಾಗೆ, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇಲ್ಲಿ ಕೂತರೆ ಸಂಗತಿಯೇ ಬೇರೆಯಾಗಿತ್ತು. ಸೊಂಟದ ಮಟ್ಟದ ಕಂದು ನೀರಿನಲ್ಲಿ ನಿಂತ ಮನುಷ್ಯ, ನೀವು ಯಾರೋ ನನಗೆ ಗೊತ್ತಿಲ್ಲ ಎನ್ನುವಂತೆ, ಬೆಂಚುಗಳ ಕಡೆಗೆ ಅಗಲವಾದ ಬೆನ್ನು ಕೊಟ್ಟಿದ್ದ. ಸ್ನಾನಿಕ ಯೋಹಾನ ಅವನ ಭುಜದ ಮರೆಯಲ್ಲಿ ಬಗ್ಗಿದ್ದ, ಒಂದು ಕೈ ಮಾತ್ರ ಮೇಲಕ್ಕಿತ್ತು. ಆಚೆ ದಡದ ಕೆಮ್ಮಣ್ಣಿನ ಏರಿನಲ್ಲಿ ಜನ ಗಂಟುಮೂಟೆ ಹೊತ್ತು ಹತ್ತಿಹೋಗುತ್ತಿದ್ದರು, ಅವರದೂ ಬೆನ್ನು. ನಾಯಿಯೊಂದಿತ್ತು, ಅದೂ ಬಾಲ ಈ ಕಡೆ ಮಾಡಿಕೊಂಡಿತ್ತು.

"ಪಾಸ್ಟರ್ ಪ್ರಸಂಗ ಉದ್ದ ಆಯ್ತು ಅಂತ ಎಲ್ಲಾ ಎದ್ದು ಮನೆಗೆ ಹೊರಟಂಗಿದೆ," ಎಂದ ಬೆಟಿಸ್. ತಾನು ಹೇಳಿದ್ದಕ್ಕೆ ತಾನೇ ನಗು ತಡೆಯಲಾರದೆ ಮೂಗಿನಲ್ಲಿ ಸದ್ದು ಮಾಡಿದ. "ನಾಯಿಗಾದ್ರೂ ನಾವು ಬೇಕಿತ್ತು."

ಎಜೆಲ್‌ಗೆ ನಗು ಬರಲಿಲ್ಲ. ಆ ಬೆನ್ನಿಗಾಗಿ ಅವನು ಎಷ್ಟು ಒದ್ದಾಡಿದ್ದನೆಂದು ಈ ಬೆಟಿಸ್‌ಗೆ ಏನು ಗೊತ್ತು? ಒದ್ದೆ ಬಟ್ಟೆ ಚರ್ಮಕ್ಕೆ ಅಂಟಿದ ಕಡೆ ಒಂದು ಬಣ್ಣ, ಅಂಟದೆ ಉಬ್ಬಿದ ಕಡೆ ಇನ್ನೊಂದು ಬಣ್ಣ; ಅದು ತಿಳಿಯುವುದಕ್ಕೆ ಅವನು ತನ್ನದೇ ಹಳೇ ಅಂಗಿಯನ್ನು ನೀರಲ್ಲಿ ಅದ್ದಿ ಹಿತ್ತಲಿನ ಬೇಲಿಗೂಟಕ್ಕೆ ತೊಡಿಸಿ ಅದರ ಮುಂದೆ ಗಂಟೆಗಟ್ಟಲೆ ಕೂತಿದ್ದ. ಪಕ್ಕದ ಮನೆಯವಳು ಕ್ಲೋಟಿಲ್‌ಗೆ ಫೋನು ಮಾಡಿ, ನಿನ್ನ ಗಂಡ ಗೂಟದ ಜೊತೆ ಮಾತಾಡ್ತಿದಾನೆ, ಒಂಚೂರು ನೋಡು ಅಂದಿದ್ದಳು. ಪ್ಲೈವುಡ್ ಮಿಲ್ಲಿನಿಂದ ನಿವೃತ್ತನಾದ ಮೇಲೆ ಊರಿನವರ ಕಣ್ಣಿಗೆ ಅವನು ಹೀಗೇ ಕಾಣುತ್ತಿದ್ದ. ಬೇರೆಯವರು ಮೀನು ಹಿಡಿಯುತ್ತಿದ್ದರು, ದೋಣಿ ಕೊಂಡಿದ್ದರು, ಮೊಮ್ಮಕ್ಕಳನ್ನು ಬೈಯುತ್ತಿದ್ದರು. ಇವನು ಒಂದು ಮಧ್ಯಾಹ್ನ ಕೆಟ್ಟುಹೋದ ಫ್ರೀಜರಿನ ಮುಚ್ಚಳದ ಮೇಲೆ, ಮನೆಗೆ ಬಳಿದು ಉಳಿದಿದ್ದ ಪೇಂಟಿನಲ್ಲಿ, ಊರ ಪಕ್ಕದ ಬೀವರ್ ಹೊಳೆಯ ತಿರುವನ್ನು ಬರೆದ. ಮುಚ್ಚಳವನ್ನು ಅಡುಗೆಮನೆಗೆ ಹೊತ್ತುಕೊಂಡು ಹೋಗಿ ಕ್ಲೋಟಿಲ್‌ಗೆ ತೋರಿಸಿದಾಗ ಅವಳು ಕೋಳಿ ಕರಿಯುತ್ತಿದ್ದಳು. ಚೆನ್ನಾಗಿದೆ ಎಂದಳು. ಆಮೇಲೆ ಬರೆದದ್ದಕ್ಕೆಲ್ಲ ಅದನ್ನೇ ಅಂದಳು. ಮರ ಬರೆದರೂ ಚೆನ್ನಾಗಿದೆ, ಮರ ಹಾಳಾಗಿ ಹೂಕೋಸಿನ ಹಾಗೆ ಆದಾಗಲೂ ಚೆನ್ನಾಗಿದೆ. ತಪ್ಪಾಗಿದೆ ಎಂದು ಒಬ್ಬರೂ ಹೇಳಲಿಲ್ಲ. ಹೇಳಿಕೊಡುವವರಿಲ್ಲದೆ ಕಲಿಯುವವನಿಗೆ ಬೈಯುವವರೂ ಇರುವುದಿಲ್ಲ ಎನ್ನುವುದು ಅವನಿಗೆ ಆಗ ಗೊತ್ತಿರಲಿಲ್ಲ. ಮಿಲ್ಲಿನಲ್ಲಿ ಮರದ ಹಾಳೆಯಲ್ಲಿ ಗಂಟಿನ ತೂತು ಕಂಡರೆ ಮೇಸ್ತ್ರಿ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದ, ಕೇಳುವ ಹಾಗಿರಲಿಲ್ಲ, ಅದು ಕಳಪೆ ಅಂದರೆ ಕಳಪೆ. ಅಲ್ಲಿ ಅವನು ಎಷ್ಟು ಶಾಪ ಹಾಕಿದ್ದ ಆ ಮೇಸ್ತ್ರಿಗೆ. ಈಗ ತಾನು ಚಿತ್ರ ಬರೆದ ಹಲಗೆಗಳಲ್ಲಿ ಒಂದನ್ನಾದರೂ ಯಾರಾದರೂ ಹಾಗೆ ಎತ್ತಿ ಎಸೆಯಬಾರದೇ ಎಂದು ಹಂಬಲಿಸುತ್ತಿದ್ದ. ಎಸೆದರೆ ಉಳಿದದ್ದು ಎಸೆಯುವಂಥದ್ದಲ್ಲ ಎಂದಾದರೂ ಗೊತ್ತಾಗುತ್ತಿತ್ತು. ತಾನು ಚಿತ್ರಗಾರನೋ ಅಥವಾ ಕೆಲಸವಿಲ್ಲದ ಮುದುಕನೋ, ಇಷ್ಟು ತಿಳಿದರೆ ಸಾಕಿತ್ತು ಅವನಿಗೆ.

"ತಿರುಗಿಸಿ ಬಿಡು ಮತ್ತೆ," ಎಂದ ಬೆಟಿಸ್. "ಮಧ್ಯಾಹ್ನ ನೀರು ಬಿಡ್ಬೇಕು, ನಾಳೆ ದೀಕ್ಷಾಸ್ನಾನದ ಹೊತ್ತಿಗೆ ಬೆಚ್ಚಗಾಗ್ಬೇಕಲ್ಲ. ಅಷ್ಟರಲ್ಲಿ ಮುಖ ಈ ಕಡೆ ಮಾಡ್ಬಿಡು."

"ಅದೇನು ಟ್ರಕ್ಕಾ, ತಿರುಗಿಸೋಕೆ?"

"ಒಂದು ಮುಖ ತಾನೆ? ತಲೆಕೂದಲು ಬರೆದ ಕಡೆ ಎರಡು ಕಣ್ಣು ಒಂದು ಮೂಗು ಇಡು."

ಒಂದು ಮುಖ ತಾನೆ. ಇದೇ ಮಾತಿಗೆ ಅವನು ಇಷ್ಟು ವರ್ಷ ಹೆದರಿದ್ದ. ಎಜೆಲ್ ಮ್ಯಾಬ್ರಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಕನ್ನಡಿ ತೂಗುಹಾಕಿಕೊಂಡು ತನ್ನದನ್ನೇ ಬರೆದು ನೋಡಿದ್ದ. ಕಣ್ಣುಗಳು ಒಂದೊಂದಾಗಿ ನೋಡಿದರೆ ಕಣ್ಣುಗಳೇ, ಒಟ್ಟಿಗೆ ನೋಡಿದರೆ ಪರಸ್ಪರ ಪರಿಚಯವಿಲ್ಲದವು. ಮೂಗಂತೂ ಗೋಡೆಗೆ ಹೊಡೆದ ಗೂಟ. ಅವನ್ನೆಲ್ಲ ಕಸದ ಡ್ರಮ್ಮಿನಲ್ಲಿ ಸುಟ್ಟಿದ್ದ. ಅಲ್ಲಿಂದ ಮುಂದೆ ಅವನ ಚಿತ್ರಗಳಲ್ಲಿ ಜನರೆಲ್ಲ ಬೆನ್ನು ತಿರುಗಿಸಿದರು. ಹತ್ತಿ ಬಿಡಿಸುವವರು, ಬಸ್ಸಿಗೆ ಕಾಯುವವರು, ಚರ್ಚಿನ ಹೆಂಗಸರು, ಎಲ್ಲರೂ ಆಚೆ ಕಡೆ ಏನನ್ನೋ ನೋಡತೊಡಗಿದರು. ಮಕ್ಕಳು ಪಾಠ ಬರದಿದ್ದಾಗ ಹೊಟ್ಟೆನೋವು ಅನ್ನುವುದಿಲ್ಲವೇ, ಹಾಗೆ. ಆದರೆ ಹೋದ ವರ್ಷ ಕೌಂಟಿಯ ಗ್ರಂಥಾಲಯದಲ್ಲಿ ಹಿರಿಯ ನಾಗರಿಕರ ಚಿತ್ರಗಳನ್ನು ಇಟ್ಟಾಗ, ರಾಜಧಾನಿ ಮಾಂಟ್ಗೊಮರಿಯಿಂದ ದೊಡ್ಡ ಚೌಕಟ್ಟಿನ ಕನ್ನಡಕದ ಹೆಂಗಸೊಬ್ಬಳು ಬಂದು ಅವನ ಹಲಗೆಗಳ ಮುಂದೆ ನಿಂತು, ನಿಂತು, ಕಡೆಗೆ ಕಣ್ಣೊರೆಸಿಕೊಂಡಳು. "ನೀವು ಮುಖವನ್ನು ನಿರಾಕರಿಸುತ್ತೀರಿ ಮಿಸ್ಟರ್ ಮ್ಯಾಬ್ರಿ," ಎಂದಳು. "ಕಪ್ಪುಜನರಾದ ನಮ್ಮನ್ನು ಇಷ್ಟು ಕಾಲ ಮುಖವಿಲ್ಲದವರ ಹಾಗೆ ನೋಡಿದ ಈ ದೇಶಕ್ಕೆ ನೀವು ಮುಖ ಕೊಡಲ್ಲ ಅಂತಿದೀರಿ. ಎಷ್ಟು ಧೈರ್ಯ!" ಎಜೆಲ್ ಹೌದೆನ್ನುವಂತೆ ತಲೆಯಾಡಿಸಿದ. ಆ ತಲೆಯಾಡಿಸಿದ್ದು ನೆನಪಾದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಹಿಂದೆ ಅವನಪ್ಪ ಪೇಟೆಯ ಅಂಗಡಿಗೆ ಕರೆದುಕೊಂಡು ಹೋದಾಗ, ಬಿಳಿಯರ ಮುಖ ನೋಡಬೇಡ, ಬೂಟು ನೋಡು ಎಂದು ಹೇಳಿಕೊಟ್ಟಿದ್ದು ನಿಜ. ಹೆಂಗಸು ಹೋದಮೇಲೆ ಅದೇ ಕಾರಣವಿರಬಹುದು ಎಂದು ಒಂದು ವಾರ ತನ್ನನ್ನು ತಾನು ನಂಬಿಸಿಕೊಂಡೂ ಇದ್ದ. ಅದೂ ಸುಳ್ಳು. ಅವನ ಅಣ್ಣ ಕಾಯ್ ಅದೇ ಅಪ್ಪನ ಮಗ, ಅದೇ ಅಂಗಡಿಗೆ ಹೋದವನು. ಅವನು ಎದುರಿಗೆ ಬಂದವರ ಮುಖವನ್ನು ಸಾಲ ಕೊಟ್ಟವನ ಹಾಗೆ ದಿಟ್ಟಿಸುತ್ತಿದ್ದ. ಇಲ್ಲ, ಅಪ್ಪನ ತಲೆಗೆ ಕಟ್ಟುವಂಥದ್ದು ಇದರಲ್ಲಿ ಏನೂ ಇರಲಿಲ್ಲ. ಮೂಗು ಬರುತ್ತಿರಲಿಲ್ಲ, ಅಷ್ಟೆ.

ಅಷ್ಟು ಹೊತ್ತಿಗೆ ಪಾಸ್ಟರ್ ಸ್ಟಾಲ್‌ವರ್ತ್ ಬಂದ, ಅವನ ತೋಳು ಹಿಡಿದುಕೊಂಡು ಮದರ್ ಲೊವಿನಾ ಬಂದಳು. ಪಾಸ್ಟರ್ ಚಿಕ್ಕ ಪ್ರಾಯದವನು, ಎಜೆಲ್‌ನ ಮಗನಾಗಬಹುದಾದವನು. ಶನಿವಾರವೂ ಟೈ ಕಟ್ಟುವ ಪೈಕಿ. ಲೊವಿನಾ ಸಭೆಯ ಹಿರಿಯ ತಾಯಿ, ಅವಳು ಕೂತ ಮೇಲೆ ಮಿಕ್ಕವರು ಕೂರಬೇಕು, ಅವಳು ಆಮೆನ್ ಅಂದ ಮೇಲೆ ಪ್ರಾರ್ಥನೆ ಮುಗಿಯಬೇಕು. ಕೂತಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು.

"ನೀರು ಕೊಳಕಾಗಿದೆ," ಎಂದಳು.

"ನಮ್ಮ ಬೀವರ್ ಹೊಳೆ ನೋಡೇ ಬರೆದದ್ದು, ಅದರ ನೀರು ಇರೋದೇ ಹಾಗೆ, ಮದರ್. ನಿಮಗೆ ದೀಕ್ಷೆ ಆಗಿದ್ದು ಅದರಲ್ಲೇ ಅಲ್ವಾ?"

"ಅದಕ್ಕೇ ಗೊತ್ತು. ಕೊಳಕಾಗಿತ್ತು. ಕಾಲಡಿ ಆಮೆ ಇತ್ತು." ಸ್ವಲ್ಪ ಮುಂದೆ ಬಾಗಿದಳು. "ಮಗಾ, ನಮ್ಮಪ್ಪ ಎಲ್ಲಿ?"

"ಮಧ್ಯದಲ್ಲಿ ನಿಂತಿರೋದೇ ಯೇಸು, ಮದರ್," ಎಂದ ಪಾಸ್ಟರ್ ಮೆಲ್ಲಗೆ.

"ಅದು ಯಾರೋ ಬೆನ್ನು. ನಾನು ಸಾಯೋ ಮುಂಚೆ ಈ ಸಭೆಯಲ್ಲಿ ಅವನ ಮುಖ ನೋಡ್ಬೇಕು ಅಂತಿದ್ದೆ. ಈ ಬೆನ್ನು ನೋಡ್ಕೊಂಡು ಹೋಗ್ಲಾ?" ಅವಳು ಬೆಂಚಿನ ಹಿಂದಿನ ಗೂಡಿನಿಂದ ಬೀಸಣಿಗೆ ಎಳೆದು ಎಜೆಲ್‌ಗೆ ಚಾಚಿದಳು. ಶವಸಂಸ್ಕಾರದ ಅಂಗಡಿಯವರು ಸಭೆಗೆ ಪುಕ್ಕಟೆ ಕೊಡುವ ಕಡ್ಡಿ ಬೀಸಣಿಗೆ ಅದು. ಒಂದು ಮಗ್ಗುಲು ಅಂಗಡಿಯ ವಿಳಾಸ, ಇನ್ನೊಂದು ಮಗ್ಗುಲು ಯೇಸು, ಗುಲಾಬಿ ಕೆನ್ನೆ, ನೀಲಿ ಕಣ್ಣು, ಈಗಷ್ಟೇ ಶಾಂಪೂ ಹಾಕಿದ ಕೂದಲು. "ಇದನ್ನ ನೋಡ್ಕೊಂಡು ಬರಿ. ಕಷ್ಟ ಏನಿದೆ?"

"ಮದರ್, ಆ ಬಿಳಿಯನ್ನ ಇಲ್ಲಿ ತಂದು ನಿಲ್ಸೋದು ಬೇಡ," ಎಂದ ಬೆಟಿಸ್. "ನಮ್ಮ ಮಕ್ಕಳು ಏನಂದ್ಕೋಬೇಕು?"

"ನಮ್ಮಮ್ಮ ಈ ಮುಖಕ್ಕೆ ಪ್ರಾರ್ಥನೆ ಮಾಡಿ ಪ್ರಾಣ ಬಿಟ್ಲು, ಲೂಶಿಯಸ್ ಬೆಟಿಸ್. ಹೋಗಿ ಅವಳಿಗೆ ಹೇಳು, ತಪ್ಪು ವಿಳಾಸಕ್ಕೆ ಪ್ರಾರ್ಥನೆ ಮಾಡ್ದೆ ಅಂತ."

"ಕಪ್ಪಗೆ ಬರೆಯೋಣ. ಇಲ್ಲಾಂದ್ರೆ ನಡುವೆ ಯಾವುದಾದ್ರೂ..."

"ನಡುವೆ ಅಂದ್ರೆ ಯಾವ ಬಣ್ಣ? ನಿನ್ನ ಕಾರಿನ ಬಣ್ಣಾನಾ?"

ಪಾಸ್ಟರ್ ಇಬ್ಬರ ಮಧ್ಯೆ ಕೈಯೆತ್ತಿದ. ಎಜೆಲ್ ಬೀಸಣಿಗೆ ಹಿಡಿದುಕೊಂಡು ನಿಂತಿದ್ದ. ಬಿಳಿಯೋ ಕಪ್ಪೋ ಎಂದು ಇವರು ಜಗಳವಾಡುವುದನ್ನು ಕೇಳುತ್ತ ಅವನ ತಾಳ್ಮೆ ಒಂದೊಂದೇ ಎಳೆ ಬಿಚ್ಚುತ್ತಿತ್ತು. ಯಾವ ಬಣ್ಣವಾದರೇನು, ಅದನ್ನು ಹಚ್ಚಬೇಕಾದ ಮೂಗೇ ಇವನಲ್ಲಿ ಇಲ್ಲವಲ್ಲ. ಈಗಲೂ ತಪ್ಪಿಸಿಕೊಳ್ಳಬಹುದಿತ್ತು. ಮಾಂಟ್ಗೊಮರಿಯ ಹೆಂಗಸಿನ ಮಾತನ್ನು ಹೇಳಿದರೆ ಪಾಸ್ಟರ್ ಒಪ್ಪುತ್ತಾನೆ, ಓದಿದವನು. ನಾಲಿಗೆಯ ತುದಿಗೆ ಆ ಮಾತು ಬಂದೂ ಬಿಟ್ಟಿತ್ತು. ಅದರ ರುಚಿಗೆ ಅವನಿಗೇ ಹೇಸಿಗೆಯಾಯಿತು. ಕಟ್ಟಿಗೆ ಹೊರುವವನು ಹೊರೆ ಕೆಳಗೆ ಹಾಕಿದ ಹಾಗೆ ಅಂದುಬಿಟ್ಟ:

"ನನಗೆ ಮುಖ ಬರೆಯೋಕೆ ಬರಲ್ಲ."

ಮೂವರೂ ಅವನ ಕಡೆ ತಿರುಗಿದರು. ಅಂತೂ ಹೇಳಿಯಾಯಿತು. ಈಗ ಬೆಟಿಸ್ ನಗುತ್ತಾನೆ, ನಗಲಿ. ಶಾಲೆಯ ಡ್ರಾಯಿಂಗ್ ಟೀಚರನ್ನು ಕರೆಸೋಣ ಅನ್ನುತ್ತಾರೆ, ಕರೆಸಲಿ. ಅವಳು ಬಂದು ಇಲ್ಲಿ ತಪ್ಪು, ಅಲ್ಲಿ ತಪ್ಪು ಅನ್ನಲಿ, ಅವಳ ಪಕ್ಕ ಬಣ್ಣದ ಡಬ್ಬಿ ಹಿಡಿದು ನಿಂತು ಕಲಿತೇನು. ಆ ಕ್ಷಣಕ್ಕೆ ಅವನಿಗೆ ನಿಜಕ್ಕೂ ಹಗುರವಾಯಿತು.

"ಬರಲ್ಲ..." ಎಂದ ಪಾಸ್ಟರ್, ಆ ಪದವನ್ನು ಬಾಯಲ್ಲಿ ಹೊರಳಿಸುತ್ತ. ಅವನ ಕಣ್ಣು ಒದ್ದೆಯಾಗಿತ್ತು. "ಯಾರಿಗೆ ತಾನೆ ಬರುತ್ತೆ, ಬ್ರದರ್ ಮ್ಯಾಬ್ರಿ?"

"ಹಾಗಲ್ಲ ಪಾಸ್ಟರ್..."

"ಮೋಶೆ ಕೇಳಿದ, ನಿನ್ನ ಮಹಿಮೆ ತೋರಿಸು ಅಂತ. ಕರ್ತನು ಏನಂದ? ನನ್ನ ಹಿಂಭಾಗವನ್ನು ನೋಡುವೆ, ನನ್ನ ಮುಖವಾದರೋ ಕಾಣಿಸದು. ವಿಮೋಚನಕಾಂಡ! ನಾನು ಓದಿ, ಪಾಸು ಮಾಡಿ, ಮರೆತಿದ್ದೆ. ನೀವು ಗೋಡೆ ಮೇಲೆ ಬರೆದಿದೀರಿ."

"ಪಾಸ್ಟರ್, ಕೇಳಿ ಇಲ್ಲಿ. ಕೈ ಬರುತ್ತೆ ನನಗೆ. ಮರ ಬರುತ್ತೆ. ಮೂಗು ಬರಲ್ಲ. ನಾಯಿ ಮೂತೀನೂ ಬರಲ್ಲ, ಅದಕ್ಕೇ ಬಾಲ ಈ ಕಡೆ ಮಾಡಿದ್ದು."

"ಎಂಥ ವಿನಯ," ಎಂದ ಪಾಸ್ಟರ್ ಬೆಟಿಸ್ ಕಡೆ ತಿರುಗಿ. ಜೇಬಿನಿಂದ ಫೋನು ತೆಗೆದು ಏನನ್ನೋ ಸರಸರನೆ ಒತ್ತಿಕೊಂಡ. "ನಾಳೆಯ ಪ್ರಸಂಗ ಬದಲಾಯಿಸ್ತೀನಿ. ಮುಂದೆ ಹೋಗುವವನ ಬೆನ್ನೇ ತಾನೆ ಹಿಂಬಾಲಿಸುವವನಿಗೆ ಕಾಣೋದು? ಡೀಕನ್, ನೀರು ಬಿಡಿ."

ಬೆಟಿಸ್ ಚಿತ್ರದ ಕಡೆಗೊಮ್ಮೆ, ಎಜೆಲ್ ಕಡೆಗೊಮ್ಮೆ ನೋಡಿದ. ಅವನ ಮುಖದಲ್ಲಿ ಮೊದಲು ಸಂಶಯ, ಆಮೇಲೆ ನಾಚಿಕೆ, ಕೊನೆಗೆ ಒಂದು ಬಗೆಯ ಭಕ್ತಿ ಬಂದು ಕೂತಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಜೆಲ್‌ಗೆ ಆ ಟೋಪಿಯನ್ನು ಕಿತ್ತು ಅವನ ತಲೆಗೇ ಮತ್ತೆ ಜಡಿಯಬೇಕೆನಿಸಿತು.

ಮದರ್ ಲೊವಿನಾ ಮಾತ್ರ ಬೀಸಣಿಗೆ ವಾಪಸು ಇಸಿದುಕೊಂಡು, "ನನಗೆ ಮುಖಾನೇ ಬೇಕಿತ್ತು," ಎಂದು ಗೊಣಗಿದಳು. ಆದರೆ ಪಾಸ್ಟರ್ ಬೈಬಲಿನ ವಿಮೋಚನಕಾಂಡವನ್ನೇ ಎತ್ತಿದ ಮೇಲೆ ಅವಳೂ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ತೊಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತ ಎಜೆಲ್ ಏಣಿ ಮಡಚಿದ.

ಭಾನುವಾರ ಬೆಳಿಗ್ಗೆ ಪಾಸ್ಟರ್ ಪ್ರಸಂಗ ಮಾಡಿದ ರೀತಿಯನ್ನು ಪಿಸ್ಗಾ ಸಭೆಯವರು ಬಹಳ ಕಾಲ ಮರೆಯಲಾರರು. ಮೆಲ್ಲಗೆ ಶುರುಮಾಡಿದ, ಓದಿದ, ಕನ್ನಡಕ ತೆಗೆದಿಟ್ಟ. ಅದನ್ನು ತೆಗೆದಿಟ್ಟನೆಂದರೆ ಜನ ಬೆಂಚಿನ ತುದಿಗೆ ಸರಿದು ಕೂರುತ್ತಾರೆ. "ನಿಮಗೆ ಬೆನ್ನು ಕಂಡರೆ ಅಳಬೇಡಿ! ಅವನು ಬಿಟ್ಟು ಹೋಗ್ತಿಲ್ಲ, ಮುಂದೆ ಹೋಗ್ತಿದಾನೆ!" "ಹೇಳಿ ಪಾಸ್ಟರ್!" ಎಂದು ಮೂಲೆಯಿಂದ ಯಾರೋ ಕೂಗಿದರು. ಆರ್ಗನ್ನಿನವನು ಮಾತಿನ ಬಾಲ ಹಿಡಿದು ಒಂದೊಂದು ಎಳೆ ನುಡಿಸಿದ. "ನೀರು ಆಳ ಇದ್ದರೆ ಮುಂದೆ ಇಳಿದವರು ಯಾರು? ನಿಮ್ಮ ಕಡೆ ಮುಖ ಮಾಡಿ ನಡೆದರೆ ಅವನು ಹಿಮ್ಮುಖವಾಗಿ ನಡೆಯಬೇಕಾಗ್ತಿತ್ತು, ನಮ್ಮ ದೇವರು ಹಿಮ್ಮುಖ ನಡೆಯುವವನಲ್ಲ!" ಜನ ಎದ್ದು ನಿಂತರು. ಹೆಂಗಸರು ಅತ್ತರು. "ಬ್ರದರ್ ಮ್ಯಾಬ್ರಿ ನಿನ್ನೆ ನನ್ನ ಹತ್ತಿರ ಒಂದು ಮಾತು ಹೇಳಿದರು," ಎಂದು ಪಾಸ್ಟರ್ ದನಿ ತಗ್ಗಿಸಿದ, "ನನಗೆ ಆ ಮುಖ ಬರೆಯೋ ಯೋಗ್ಯತೆ ಇಲ್ಲ ಅಂತ." ಯೋಗ್ಯತೆ ಅಂದಿರಲಿಲ್ಲ ಎಜೆಲ್. ಯೋಗ್ಯತೆ ಎನ್ನುವ ಪದವೇ ಅವನ ಬಾಯಿಂದ ಬಂದಿರಲಿಲ್ಲ. ಹಿಂದಿನ ಬೆಂಚಿನವರು ಅವನ ಬೆನ್ನು ತಟ್ಟಿದರು. ಅವನು ನೆಲ ನೋಡಿದ. ಅದಕ್ಕೆ ಇನ್ನೊಬ್ಬರು ತಟ್ಟಿದರು. ಪಕ್ಕದಲ್ಲಿ ಕ್ಲೋಟಿಲ್ ಹಳದಿ ಹ್ಯಾಟು ಹಾಕಿ ನೆಟ್ಟಗೆ ಕೂತಿದ್ದಳು, ಹೆಮ್ಮೆಯಿಂದ ಕತ್ತು ಇನ್ನಷ್ಟು ಉದ್ದವಾಗಿತ್ತು. ನಿಜ ಹೇಳಿದರೂ ಸುಳ್ಳಿನ ಸನ್ಮಾನವೇ ಸಿಗುವುದಾದರೆ ಮನುಷ್ಯ ಏನು ಮಾಡಬೇಕು ಎಂದು ಅವನು ಹಲ್ಲು ಕಚ್ಚಿಕೊಂಡು ಯೋಚಿಸಿದ. ಎದ್ದು ಕೂಗಿದರೆ ಪವಿತ್ರಾತ್ಮ ಮೈಮೇಲೆ ಬಂದಿದೆ ಅನ್ನುತ್ತಾರೆ.

ಆಮೇಲೆ ದೀಕ್ಷಾಸ್ನಾನ. ಪಾಸ್ಟರ್ ಬಿಳಿ ನಿಲುವಂಗಿಯಲ್ಲಿ ತೊಟ್ಟಿಗಿಳಿದು ಚಿತ್ರದ ಮುಂದೆ ನಿಂತ. ಮೊದಲು ಬಂದವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ದಪ್ಪ ಹೆಂಗಸು. ಎಜೆಲ್ ನೋಡುವ ಇಷ್ಟವಿಲ್ಲದೆ ನೋಡುತ್ತಿದ್ದ. ಚಿತ್ರದ ಬಣ್ಣ ಹಬೆಗೆ ಏಳುತ್ತದೋ ಎಂದಷ್ಟೇ ಅವನ ಚಿಂತೆ. ಪಾಸ್ಟರ್ ಅವಳ ಮೂಗಿಗೆ ಕರವಸ್ತ್ರ ಹಿಡಿದು, ಹಿಂದಕ್ಕೆ ಬಾಗಿಸಿ, ಪೂರ್ತಿ ಮುಳುಗಿಸಿ ಎತ್ತಿದ. ಮೇಲೆ ಬಂದ ಮುಖವನ್ನು ಎಜೆಲ್ ಕಂಡ. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿ ತೆರೆದಿತ್ತು, ಮೇಲ್ತುಟಿ ಹಲ್ಲಿನಿಂದ ಹಿಂದೆ ಸರಿದಿತ್ತು. ಮೂಗು ಗೂಟವಾಗಿರಲಿಲ್ಲ. ಮೂಗಿಗೆ ಗೆರೆಯೇ ಇರಲಿಲ್ಲ. ಹಣೆಯಿಂದ ಇಳಿದ ನೀರು ಎಲ್ಲಿ ಇಬ್ಭಾಗವಾಗಿ ಹರಿಯಿತೋ ಅಲ್ಲಿ ಮೂಗಿತ್ತು. ಎರಡನೆಯವನು ಟ್ರಕ್ಕು ಓಡಿಸುವವನು, ಅಷ್ಟೆತ್ತರದ ಆಳು. ನೀರಿನಿಂದ ಎದ್ದಾಗ ಅವನ ಮುಖ ಈಗಷ್ಟೇ ಹುಟ್ಟಿ ಸಿಟ್ಟಾದ ಕೂಸಿನದಾಗಿತ್ತು. ಎಜೆಲ್ ಮುಂದೆ ಬಾಗಿದ. ಮೂರನೆಯದು ಎಳೆ ಹುಡುಗಿ, ಕೆಮ್ಮುತ್ತ ಬಂದಳು, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ಈ ಮುಖಗಳು ಯಾವುವೂ ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಂದು ತಿಳಿದವಲ್ಲ. ಇಷ್ಟು ವರ್ಷದಲ್ಲಿ ಅವನು ಒಂದು ಮುಖವನ್ನೂ ಹೀಗೆ ನೋಡಿರಲಿಲ್ಲ. ಕನ್ನಡಿಯಲ್ಲಿ ನೋಡಿದ್ದು ತನ್ನನ್ನು ನೋಡುತ್ತಿರುವ ತನ್ನನ್ನು, ಅದು ಲೆಕ್ಕಕ್ಕಿಲ್ಲ. ಗೋಡೆಯ ಮೇಲಿನ ಆ ಮನುಷ್ಯನೂ ಹೊಳೆಯಿಂದ ಎದ್ದಾಗ ಹೀಗೆಯೇ ಇದ್ದಿರಬೇಕು, ಶಾಂತನಾಗಿ ಅಲ್ಲ, ಮೂಗಿಗೆ ನೀರು ಹೋಗಿ, ಉಸಿರಿಗೆ ಬಾಯಿ ತೆರೆದು. ಗೊತ್ತಿಲ್ಲದೆ ಎಜೆಲ್‌ನ ಕೈ ಮೇಲೆದ್ದು, ಹೆಬ್ಬೆರಳು ಗಾಳಿಯಲ್ಲಿ ಹುಬ್ಬಿಗೂ ಮೂಗಿಗೂ ನಡುವಿನ ದೂರ ಅಳೆಯುತ್ತಿತ್ತು. ಬಿಳಿ ಕೈಗವಸಿನ ಸ್ವಯಂಸೇವಕಿ ಓಡಿಬಂದು ಅವನಿಗೆ ಗಾಳಿ ಬೀಸತೊಡಗಿದಳು. "ಅವರನ್ನ ಬಿಡಿ, ಆತ್ಮ ಇಳಿದಿದೆ," ಎಂದಳು ಸುತ್ತಲಿನವರಿಗೆ.

"ಇಳಿದಿಲ್ಲ ಮಾರಾಯ್ತಿ, ಅಡ್ಡ ಬರಬೇಡ, ಆ ಕಡೆ ಸರಿ," ಎಂದ ಎಜೆಲ್. ಅವಳು ಆಮೆನ್ ಅಂದಳು.

ಕೆಳಗಿನ ಹಾಲಿನಲ್ಲಿ ಊಟಕ್ಕೆ ಸಾಲು ನಿಂತಾಗ ಅವನು ಬೆಟಿಸ್‌ನನ್ನು ಹಿಡಿದು ನಿಲ್ಲಿಸಿದ. ಬೆಟಿಸ್‌ನ ತಟ್ಟೆಯಲ್ಲಿ ಕೋಳಿ, ಬೆಣ್ಣೆ ಹಾಕಿದ ಅವರೆ, ಹಂದಿಮಾಂಸದ ಜೊತೆ ಬೇಯಿಸಿದ ಸೊಪ್ಪು ಎಲ್ಲ ಒಂದರ ಮೇಲೊಂದು ಇದ್ದವು.

"ನಾಳೆ ನೀರು ಖಾಲಿ ಮಾಡು. ಮುಖ ಬರೀತೀನಿ."

"ಯಾರ ಮುಖ?"

"ಇನ್ಯಾರದ್ದು? ತಿರುಗಿಸ್ತೀನಿ. ಹೇಗೆ ಅಂತ ಈಗ ಅಂದಾಜು ಸಿಕ್ಕಿದೆ."

ಬೆಟಿಸ್ ತಟ್ಟೆ ಕೆಳಗಿಟ್ಟ. "ತಲೆ ನೆಟ್ಟಗಿದೆ ತಾನೆ? ಪಾಸ್ಟರ್ ಅದರ ಮೇಲೆ ಪ್ರಸಂಗ ಮಾಡಿ ಮುಗಿಸಿದಾರೆ. ನಮ್ಮತ್ತಿಗೆ ಇನ್ನೂ ಅಳ್ತಿದಾಳೆ ನೋಡು ಅಲ್ಲಿ. ಇನ್ನು ಆ ಗೋಡೆಗೆ ನೀನು ಬ್ರಷ್ ಮುಟ್ಟಿಸಿದ್ರೆ ನಾನು ಸುಮ್ಮನಿರಲ್ಲ."

"ನಿನ್ನೆ ನೀನೇ ಅಲ್ವೇನೋ ತಿರುಗಿಸು ಅಂದಿದ್ದು?"

"ನಿನ್ನೆ ನನಗೆ ಅರ್ಥ ಆಗಿರಲಿಲ್ಲ."

"ಅದರಲ್ಲಿ ಅರ್ಥ ಆಗೋಕೆ ಏನೂ ಇಲ್ಲ ಬೆಟಿಸ್! ನನಗೆ ಬರ್ತಿರಲಿಲ್ಲ, ಅಷ್ಟೇ!"

"ಅದೇ," ಎಂದ ಬೆಟಿಸ್ ಮರ್ಯಾದೆಯಿಂದ. "ಅದನ್ನೇ ಪಾಸ್ಟರ್ ಹೇಳಿದ್ದು."

ಮನೆಗೆ ಬರುವಷ್ಟರಲ್ಲಿ ಎಜೆಲ್‌ನ ತಲೆ ಸಿಡಿಯುತ್ತಿತ್ತು. ದಾರಿಯುದ್ದಕ್ಕೂ ಕ್ಲೋಟಿಲ್ ಯಾರ್ಯಾರು ಏನೇನು ಅಂದರೆಂದು ಹೇಳುತ್ತಿದ್ದಳು. ಅವನ ಕಣ್ಣ ಮುಂದೆ ನೀರು ಇಬ್ಭಾಗವಾಗುತ್ತಿತ್ತು. ಅದು ಮಾಸಿಹೋಗುವ ಮೊದಲು ಬರೆಯದಿದ್ದರೆ ಮತ್ತೆ ಗೂಟವೇ ಗತಿ. ಶೆಡ್ಡಿನಿಂದ ಒಂದು ಹಲಗೆ, ಕಪ್ಪು ಬಿಳಿ ಕಂದು ಮೂರು ಡಬ್ಬಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಕ್ಲೋಟಿಲ್ ಹ್ಯಾಟಿನ ಪಿನ್ನು ತೆಗೆಯುತ್ತಿದ್ದಳು.

"ಕೂತ್ಕೋ."

"ಯಾಕೆ?"

"ನಿನ್ನ ಮುಖ ಬೇಕು."

ಅವಳು ಹ್ಯಾಟನ್ನು ಮತ್ತೆ ಹಾಕಿಕೊಂಡಳು. ಕಿಟಕಿಯ ಗಾಜಿನಲ್ಲಿ ನೋಡಿಕೊಂಡು ತುಟಿಗೆ ಬಣ್ಣ ತೀಡಿದಳು, ಗಲ್ಲ ಎತ್ತಿ ಕೂತಳು. ಪ್ರಾಯದಲ್ಲಿ ಅವಳು ಮೂರು ಊರಿಗೆ ಚೆಲುವೆ ಅನ್ನಿಸಿಕೊಂಡವಳು, ಅದನ್ನು ಅವಳೇನೂ ಮರೆತಿರಲಿಲ್ಲ. ಎಜೆಲ್ ನೋಡಿದ. ಮೊದಮೊದಲು ಕಣ್ಣು ತಾನಾಗಿ ಜಾರಿ ಅವಳ ಕಾಲರಿಗೆ ಹೋಗುತ್ತಿತ್ತು, ಎಳೆದು ತರುತ್ತಿದ್ದ. ಇಷ್ಟು ವರ್ಷ ಎದುರಿಗೆ ಕೂತು ಉಂಡವಳ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ತುಟಿಯ ಒಂದು ಕೊನೆಯಲ್ಲಿ ನಗು, ಇನ್ನೊಂದರಲ್ಲಿ ಇಲ್ಲ. ಇದೆಲ್ಲ ಯಾವಾಗ ಆಯಿತು, ತಾನು ಎಲ್ಲಿದ್ದೆ ಎಂದು ಅವನಿಗೆ ಗಾಬರಿಯಾಯಿತು, ತುಂಬ ನಾಚಿಕೆಯೂ ಆಯಿತು. ಆದರೂ ಕೈ ನಿಲ್ಲಿಸಲಿಲ್ಲ. ಗೆರೆ ಹಾಕದೆ, ಕಪ್ಪಿನ ಪಕ್ಕ ಬಿಳಿ ತಳ್ಳಿ, ನೀರು ಎಲ್ಲಿ ಹರಿದೀತು ಎಂದು ಕೇಳಿಕೊಳ್ಳುತ್ತ ಮೂಗು ಇಳಿಸಿದ. ಮೂಗು ಮೂಗಾಯಿತು. ಹೆಚ್ಚುಕಡಿಮೆ ಮೂಗಾಯಿತು. ಮಿಕ್ಕದ್ದೆಲ್ಲ ಅದರ ಸುತ್ತ ಗಡಿಬಿಡಿಯಲ್ಲಿ ಬಂದು ಕೂತ ಹಾಗಿತ್ತು.

"ಮುಗೀತಾ? ತೋರಿಸು," ಎಂದಳು ಕ್ಲೋಟಿಲ್. ನಗುನಗುತ್ತ ಎದ್ದು ಬಂದು, ಚೆನ್ನಾಗಿದೆ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ನಗು ಇಳಿಯಿತು.

"ಇದು ಯಾರು?"

"ನೀನು."

"ನಾನಾ? ಎಜೆಲ್ ಮ್ಯಾಬ್ರಿ, ಇದು ನಿನ್ನ ಅಕ್ಕ. ಅದೂ ಹಲ್ಲುನೋವು ಬಂದಾಗ." ಅವಳಿಗೆ ನಿಜವಾಗಿ ಕೋಪ ಬಂದಿತ್ತು. "ಬೆಳಿಗ್ಗೆಯಿಂದ ಊರೆಲ್ಲ ಹೊಗಳಿದ್ದೇ ಹೊಗಳಿದ್ದು, ನಾನೂ ಕುಣೀತಿದ್ದೆ. ಇಷ್ಟು ವರ್ಷ ಜೊತೆಗಿದ್ದು ನೀನು ನೋಡಿದ್ದು ಇದನ್ನಾ? ಚೆನ್ನಾಗಿಲ್ಲ. ಒಂಚೂರೂ ಚೆನ್ನಾಗಿಲ್ಲ!"

ಎಜೆಲ್ ಬ್ರಷ್ ಹಿಡಿದುಕೊಂಡೇ ಅವಳ ಕಡೆ ನೋಡಿದ. ಚಿತ್ರ ಬರೆಯಲು ಶುರುಮಾಡಿದ ಮೇಲೆ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ.

"ಎಲ್ಲಿ?" ಎಂದ.

"ಎಲ್ಲಿ ಅಂದ್ರೆ?"

"ಎಲ್ಲಿ ಚೆನ್ನಾಗಿಲ್ಲ?"

ಅವಳು ಹ್ಯಾಟು ತೆಗೆದು ಕುರ್ಚಿಯ ಮೇಲೆ ಎಸೆದು, ಬಾಗಿ, ಬೆರಳಿಟ್ಟಳು. "ಇಲ್ಲಿ. ನನ್ನ ಕಣ್ಣು ಇಷ್ಟು ಕೆಳಗೆ ಜೋತುಬಿದ್ದಿಲ್ಲ. ಇಲ್ಲಿ, ಈ ತುಟಿ. ಕಿವಿ ಅಂತೂ ಕೇಳಲೇಬೇಡ, ಅದು ಯಾರ ತಲೇದೋ."

"ಮೂಗು?"

ಅವಳು ಮೂಗನ್ನು ನೋಡಿದಳು, ತುಸು ಹೊತ್ತು. "ಮೂಗು ಇರಲಿ," ಎಂದಳು ಒಲ್ಲದ ಮನಸ್ಸಿನಿಂದ. "ಬೇರೆ ಎಲ್ಲಾ ತೆಗಿ."

ಎಜೆಲ್ ಚಿಂದಿಯನ್ನು ಬಣ್ಣ ಅಳಿಸುವ ಎಣ್ಣೆಯ ಡಬ್ಬಿಯಲ್ಲಿ ಅದ್ದಿದ.

"ಕೂತ್ಕೋ," ಎಂದ. "ಒಂದೊಂದಾಗಿ ಹೇಳು."